ಹಾರ್ನ್ ತಂಡಕ್ಕೆ ಬರೋಕ್ ಗಾಯನ: ಲೊಟ್ಟಿಯವರ ‘ಕ್ರುಚಿಫಿಕ್ಸುಸ್’

ಸುಮಾರು 1600ರಿಂದ 1750ರವರೆಗಿನ ಯುರೋಪಿನ ಸಂಗೀತವನ್ನು ಬರೋಕ್ ಎನ್ನುತ್ತಾರೆ. ಆ ಕಾಲದ ಗಾಯನ ಕೃತಿಗಳನ್ನು ಫ್ರೆಂಚ್ ಹಾರ್ನ್ ತಂಡಕ್ಕೆ ಅಳವಡಿಸುವ ಕ್ರಮವನ್ನು ಇಲ್ಲಿ ಒಂದು ಕೃತಿಯ ಮೂಲಕ ತಿಳಿಸಲಾಗಿದೆ.

ಅಂತೋನಿಯೊ ಲೊಟ್ಟಿ ವೆನಿಸ್‌ನ ಸಂತ ಮಾರ್ಕರ ದೇವಾಲಯದಲ್ಲಿ ಆರ್ಗನ್ ವಾದಕರಾಗಿದ್ದು, 1736ರಿಂದ 1740ರಲ್ಲಿ ನಿಧನರಾಗುವವರೆಗೆ ಸಂಗೀತ ನಿರ್ದೇಶಕರಾಗಿದ್ದರು. ವಿಶ್ವಾಸ ಸಂಗ್ರಹದಲ್ಲಿ ಪ್ರಭು ಶಿಲುಬೆಗೇರಿದ ಭಾಗಕ್ಕೆ ಅವರು ರಚಿಸಿದ ‘ಕ್ರುಚಿಫಿಕ್ಸುಸ್’ ಎಂಟು ದನಿಗಳದ್ದು. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎರಡೆರಡು. ಕೆಳಗಿನ ಬಾಸ್‌ನಿಂದ ಆರಂಭಿಸಿ ದನಿಗಳು ಒಂದೊಂದಾಗಿ ಮೇಲೇರುತ್ತವೆ. ಒಂದು ದನಿ ತನ್ನ ಸ್ವರವನ್ನು ಬಿಡದೆ ಹಿಡಿದಿರುವಾಗ ಇನ್ನೊಂದು ಬಂದು ಅದಕ್ಕೆ ತಾಗುತ್ತದೆ. ಮೊದಲಿನದು ಒಂದು ಮೆಟ್ಟಿಲು ಇಳಿದಾಗ ಕಿವಿಗೆ ನೆಮ್ಮದಿ. ಯಾತನೆಯನ್ನು ತೋರಿಸುವುದು ಈ ತಾಗಾಟವೇ.

ಲೊಟ್ಟಿಯವರ ಕಾಲದ ಹಾರ್ನ್‌ಗೆ ವಾಲ್ವ್ ಇರಲಿಲ್ಲ. ಅದು ಬಂದದ್ದು 1810ರ ದಶಕದಲ್ಲಿ. ಅನಂತರವೇ ಇಂತಹ ಒಳದನಿಗಳನ್ನು ಹಾರ್ನ್‌ನಲ್ಲಿ ಸಲೀಸಾಗಿ ನುಡಿಸುವುದು ಸಾಧ್ಯವಾಯಿತು.

ಅಳವಡಿಸುವಾಗ ಗಮನಿಸಬೇಕಾದವು:

1. ಶ್ರುತಿ: ಎಫ್ ಹಾರ್ನ್‌ನಲ್ಲಿ ಬರೆದ ಸ್ವರಕ್ಕಿಂತ ಐದನೇ ಸ್ವರದಷ್ಟು ಕೆಳಗೆ ಕೇಳಿಸುತ್ತದೆ. ಆದ್ದರಿಂದ ಅಷ್ಟು ಮೇಲಕ್ಕೆ ಬರೆಯಬೇಕು. ಸೊಪ್ರಾನೊದ ಮೇಲಿನ ಸ್ವರಗಳು ಹಾರ್ನ್‌ಗೆ ಕಷ್ಟ. ಇಡೀ ಕೃತಿಯನ್ನು ಇಳಿಸಿದರೆ ಕೆಳಗಿನ ಬಾಸ್ ಮಸುಕಾಗುತ್ತದೆ. ಸ್ವಲ್ಪವೇ ಇಳಿಸಿ, ಬಾಸ್ ಭಾಗವನ್ನು ತಗ್ಗು ಸ್ವರದಲ್ಲಿ ಪಳಗಿದವರಿಗೆ ಕೊಡುವುದು ಲೇಸು.

2. ಉಸಿರು: ಗಾಯನ ಮಂಡಳಿಯಲ್ಲಿ ಒಂದೇ ದನಿಯ ಹಲವರು ಬೇರೆ ಬೇರೆ ಹೊತ್ತಿನಲ್ಲಿ ಉಸಿರೆಳೆಯಬಹುದು. ದನಿಗೊಬ್ಬನೇ ವಾದಕನಿದ್ದರೆ ಉಸಿರಿನ ಜಾಗವನ್ನು ಗುರುತಿಸಲೇಬೇಕು. ಆದರೆ ಸ್ವರಗಳು ತಾಗುವ ಕಡೆ ತುಂಡರಿಸಬಾರದು.

3. ಸ್ಪಷ್ಟತೆ: ಎಂಟೂ ಹಾರ್ನ್‌ಗಳ ನಾದ ಒಂದೇ ಬಗೆ. ಹೊಸದಾಗಿ ಬರುವ ದನಿ ಕೇಳಿಸುವಂತೆ ಉಳಿದವರು ತಗ್ಗಬೇಕು.

4. ಪದಗಳು: ವಾದಕರ ಹಾಳೆಯಲ್ಲೂ ಸ್ವರಗಳ ಕೆಳಗೆ ಲತೀನ್ ಪದಗಳನ್ನು ಬರೆಯಿರಿ. ಎಲ್ಲಿ ಒತ್ತಬೇಕು, ಎಲ್ಲಿ ಸ್ವರಗಳನ್ನು ಕೂಡಿಸಬೇಕು ಎಂಬುದನ್ನು ಅವೇ ಹೇಳುತ್ತವೆ.

ಕೊನೆಯದಾಗಿ ಆರಾಧನಾ ನಿಯಮ. ‘ಮೂಸಿಕಾಂ ಸಾಕ್ರಾಂ’ ಎಂಬ 1967ರ ಸೂಚನೆಯ 65ನೇ ಕಂಡಿಕೆಯಂತೆ ಗುರುಗಳು ಬಲಿಪೀಠಕ್ಕೆ ಬರುವ ಮುನ್ನ, ಕಾಣಿಕೆ ಅರ್ಪಣೆಯಲ್ಲಿ, ಪರಮಪ್ರಸಾದದ ವೇಳೆ ಮತ್ತು ಪೂಜೆಯ ಕೊನೆಯಲ್ಲಿ, ಅನುಮತಿಯಿರುವ ವಾದ್ಯಗಳನ್ನು ಹಾಡಿಲ್ಲದೆಯೂ ನುಡಿಸಬಹುದು. ಆದರೆ 66ನೇ ಕಂಡಿಕೆ ತಪಸ್ಸುಕಾಲದಲ್ಲಿ ಹಾಗೂ ಮೃತರ ಪೂಜೆಗಳಲ್ಲಿ ಇದನ್ನು ಒಪ್ಪುವುದಿಲ್ಲ. ಆಗ ವಾದ್ಯ ಹಾಡಿಗೆ ಆಸರೆ ಮಾತ್ರ. ಹೀಗಾಗಿ ಶಿಲುಬೆಯ ಈ ಕೃತಿ ಯಾವ ದಿನಗಳಿಗೆ ಹೆಚ್ಚು ಸಲ್ಲುತ್ತದೆಯೋ, ಆ ದಿನಗಳ ಪೂಜೆಯಲ್ಲೇ ಅದರ ಹಾರ್ನ್ ರೂಪಕ್ಕೆ ಎಡೆಯಿಲ್ಲ. ಆ ದಿನಗಳಲ್ಲಿ ಅದನ್ನು ಗಾಯನ ಮಂಡಳಿಯೇ ಹಾಡಲಿ. ಹಾರ್ನ್ ರೂಪವನ್ನು ಪೂಜೆಯ ಹೊರಗಿನ ಸಂಗೀತ ಕಾರ್ಯಕ್ರಮಕ್ಕೆ ಇರಿಸಿಕೊಳ್ಳುವುದು ಒಳ್ಳೆಯದು.