ಬೀಗದ ಕೈಯೂ ಪೆಟ್ಟಿಗೆಯೂ

ಮನೆಯ ಖರ್ಚುವೆಚ್ಚವು ಚರಿತ್ರಕಾರರ ಗಮನಕ್ಕೆ ಯೋಗ್ಯವಲ್ಲದ ಅಲ್ಪ ವಿಷಯವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅರಸರ ಬೊಕ್ಕಸದ ಲೆಕ್ಕವನ್ನು ಶಾಸನಗಳಲ್ಲಿ ಅರಸುವ ನಾವು ಗೃಹಿಣಿಯ ಉಗ್ರಾಣದ ಲೆಕ್ಕವನ್ನು ಕೇಳುವುದೇ ಇಲ್ಲ. ಆದರೆ ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಆ ಲೆಕ್ಕಕ್ಕೂ ಸ್ಥಾನವುಂಟು. ಅದನ್ನು ಪರಿಶೀಲಿಸಿದರೆ ವಿಚಿತ್ರವಾದ ಸಂಗತಿಯೊಂದು ತಿಳಿದುಬರುವುದು.

ಕಾಮಸೂತ್ರವೆಂದೊಡನೆ ಸಂಕೋಚಪಡುವವರು ಅದರ ‘ಭಾರ್ಯಾಧಿಕಾರಿಕ’ವೆಂಬ ನಾಲ್ಕನೆಯ ಅಧಿಕರಣವನ್ನು ಓದಿರಲಾರರು. ಅಲ್ಲಿ ವಾತ್ಸ್ಯಾಯನನು ಗೃಹಿಣಿಗೆ ವಿಧಿಸುವ ಕೆಲಸಗಳನ್ನು ನೋಡಿರಿ. ವರ್ಷದ ಆದಾಯವನ್ನು ಎಣಿಸಿ ಅದಕ್ಕೆ ತಕ್ಕಷ್ಟೇ ವ್ಯಯಮಾಡಬೇಕು, ದಿನದಿನದ ಆಯವ್ಯಯಗಳನ್ನು ಕೂಡಿಸಿಡಬೇಕು, ಊಟಕ್ಕೆ ಮಿಕ್ಕ ಹಾಲಿನಿಂದ ತುಪ್ಪ ಮಾಡಿಸಬೇಕು, ಹತ್ತಿಯನ್ನು ನೂಲಿಸಬೇಕು, ಹೊಟ್ಟು, ನುಚ್ಚು, ಇದ್ದಿಲುಗಳನ್ನು ಸಹ ಉಪಯೋಗಕ್ಕೆ ತರಬೇಕು, ಆಳುಗಳ ಸಂಬಳ ಪೋಷಣೆಗಳನ್ನು ಅರಿತಿರಬೇಕು. ಒಬ್ಬ ದಿವಾನನಿಗೂ ಇದು ಸಣ್ಣ ಹೊರೆಯಲ್ಲ.

ಮನುವೂ ಧನದ ಸಂಗ್ರಹ ವ್ಯಯಗಳಲ್ಲಿ ಹೆಂಡತಿಯನ್ನು ನಿಯೋಜಿಸಬೇಕೆನ್ನುವನು. ವೆಚ್ಚದಲ್ಲಿ ಅವಳ ಕೈ ಬಿಗಿಯಾಗಿರಬೇಕೆಂದೂ ಹೇಳುವನು. ಆದರೆ ಅದೇ ಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಹೆಂಡತಿ, ಮಗ, ದಾಸ ಈ ಮೂವರೂ ನಿರ್ಧನರು, ಅವರು ಗಳಿಸಿದ್ದು ಅವರ ಒಡೆಯನದು ಎಂಬ ಮಾತಿದೆ. ಬೀಗದ ಕೈ ಅವಳ ಸೆರಗಿನಲ್ಲಿ. ಪೆಟ್ಟಿಗೆ ಮಾತ್ರ ಪರರದು.

ಎಲ್ಲ ಶಾಸ್ತ್ರಕಾರರೂ ಹೀಗೆ ಭಾವಿಸಿದರೆನ್ನುವಂತಿಲ್ಲ. ದಂಪತಿಗಳಲ್ಲಿ ವಿಭಾಗವಿಲ್ಲವೆಂದ ಆಪಸ್ತಂಬನು, ಗಂಡನು ಪರಸ್ಥಳದಲ್ಲಿರುವಾಗ ಸಂದರ್ಭವೊದಗಿ ಹೆಂಡತಿಯು ದಾನಮಾಡಿದರೆ ಅದು ಕಳವಲ್ಲವೆನ್ನುವನು. ಕಳವಲ್ಲವೆಂದು ವಿಧಿಸಬೇಕಾಗಿ ಬಂದುದರಿಂದಲೇ, ಕಳವೆನ್ನುವವರೂ ಇದ್ದರೆಂದು ನಾವು ಊಹಿಸಬಹುದು.

ಈ ವಿಷಯದಲ್ಲಿ ಕನ್ನಡ ನಾಡಿನ ಪಾಲು ಹಿರಿದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಳಿಕೆಯಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದನು. ಸ್ಮೃತಿಯು ಸ್ತ್ರೀಧನವನ್ನು ಎಣಿಸುತ್ತ ‘ಮೊದಲಾದವು’ ಎಂದು ನಿಲ್ಲಿಸಿದೆ. ಆ ಒಂದು ಪದದೊಳಗೆ ವಿಜ್ಞಾನೇಶ್ವರನು ದಾಯದಿಂದ, ಕ್ರಯದಿಂದ, ವಿಭಾಗದಿಂದ ಬಂದ ಸ್ವತ್ತನ್ನೂ ಸೇರಿಸಿದನು. ಪುತ್ರರಿಗೆ ಹುಟ್ಟಿನಿಂದಲೇ ಹಕ್ಕೆಂದು ಸಾಧಿಸಿದ ಆತನು ಪುತ್ರಿಯರಿಗೆ ಅದನ್ನು ಕೊಡಲಿಲ್ಲ, ನಿಜ. ಆದರೂ ಅವನು ತೆರೆದ ಬಾಗಿಲು ಚಿಕ್ಕದಲ್ಲ. ಆಂಗ್ಲರ ಕಾಲದಲ್ಲಿ ಪ್ರಿವಿ ಕೌನ್ಸಿಲ್ ಈ ವಿಶಾಲಾರ್ಥವನ್ನು ಒಪ್ಪದೆ, ದಾಯವಾಗಿ ಬಂದ ಸ್ವತ್ತನ್ನು ಸ್ತ್ರೀಧನದಿಂದ ಹೊರಗಿಟ್ಟಿತು.

ಮುಂದಿನ ಹೆಜ್ಜೆಯನ್ನೂ ಈ ನಾಡೇ ಮೊದಲಿಟ್ಟಿತು. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನನ್ನು ಮಾಡಿತು. ಬ್ರಿಟಿಷ್ ಇಂಡಿಯಾದಲ್ಲಿ ಅಂಥದೊಂದು ಕಾನೂನು ಬಂದುದು 1937ರಲ್ಲಿ. 1956ರ ಉತ್ತರಾಧಿಕಾರ ಕಾನೂನು ಸ್ತ್ರೀಯ ಸೀಮಿತ ಸ್ವಾಮ್ಯವನ್ನು ಪೂರ್ಣಸ್ವಾಮ್ಯವಾಗಿಸಿತು. ಅವಿಭಕ್ತ ಕುಟುಂಬದಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟು ಹಕ್ಕು ದೊರೆತುದು 1994ರಲ್ಲಿ ಕರ್ನಾಟಕದ ಅವಿವಾಹಿತೆಯರಿಗೆ, 2005ರಲ್ಲಿ ದೇಶದ ಎಲ್ಲ ಹೆಣ್ಣುಮಕ್ಕಳಿಗೆ.

ಮಿತವ್ಯಯವು ಸದ್ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ತನ್ನದಲ್ಲದ ಹಣದ ಲೆಕ್ಕವನ್ನು ಕಾಸಿಗೆ ಕಾಸು ಒಪ್ಪಿಸುವುದು ಬೇರೆ, ತನ್ನದನ್ನು ವಿವೇಕದಿಂದ ಬಳಸುವುದು ಬೇರೆ. ಮೊದಲನೆಯದು ಕಾರಕೂನಿಕೆ, ಎರಡನೆಯದೇ ಗೃಹಕೃತ್ಯ. ಕಾನೂನು ಪೆಟ್ಟಿಗೆಯಲ್ಲಿ ಪಾಲು ಕೊಟ್ಟಿದೆ. ಆ ಪಾಲನ್ನು ಮನಃಪೂರ್ವಕವಾಗಿ ಒಪ್ಪಿ, ಖರ್ಚಿನ ಮಾತು ಬಂದಾಗ ಅವಳ ಅಭಿಪ್ರಾಯವನ್ನೂ ಕೇಳುವುದು ನಮ್ಮ ನಮ್ಮ ಮನೆಗಳಲ್ಲಿ ಆಗಬೇಕಾದ ಕೆಲಸ.