ರೂಟರ್ ಟೇಬಲ್ಲೂ ಒಂದು ಜೈಲಿನ ಕಥೆಯೂ

ರೂಟರ್ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಮಿಣಮಿಣ ಅನ್ನೋ ಇಂಟರ್ನೆಟ್ ಡಬ್ಬಿ ಬಂದಿರುತ್ತೆ. ಅದಲ್ಲ ಸ್ವಾಮಿ! ನಾನು ಹೇಳ್ತಿರೋದು ಬಡಗಿಗಳ ರೂಟರ್. ಮೋಟಾರಿನ ತುದಿಗೆ ಹರಿತವಾದ ಬಿಟ್ ಸಿಕ್ಕಿಸಿ, ನಿಮಿಷಕ್ಕೆ 20,000 ಸುತ್ತಿನ ಆಸುಪಾಸು ತಿರುಗಿಸಿ, ಮರದಲ್ಲಿ ತೋಡು ಕೊರೆಯುವ, ಅಂಚನ್ನು ಗುಂಡಗೆ ಮಾಡುವ ಯಂತ್ರ. ಇದನ್ನೇ ತಲೆಕೆಳಗು ಮಾಡಿ ಹಲಗೆಯ ಅಡಿಗೆ ಬಿಗಿದು, ಬಿಟ್ಟಿನ ತುದಿ ಮಾತ್ರ ಮೇಲೆ ಇಣುಕುವಂತೆ ಇಟ್ಟರೆ ಅದೇ ರೂಟರ್ ಟೇಬಲ್. ಆಗ ಯಂತ್ರ ನಿಂತಲ್ಲೇ ಇರುತ್ತೆ, ಮರ ಓಡಾಡುತ್ತೆ.

ಪುಸ್ತಕದ ಕಪಾಟು ಮಾಡುವ ಹುಚ್ಚಿಗೆ ಬಿದ್ದು ನಾನೂ ಪ್ಲೈವುಡ್ಡಿನಲ್ಲಿ ಒಂದು ಕಟ್ಟಿಕೊಂಡೆ. ಮೊದಲ ದಿನವೇ ಪಟ್ಟಿಯನ್ನು ಎಡದಿಂದ ಬಲಕ್ಕೆ ತಳ್ಳಿದೆ. ಕೈಯಿಂದ ಕಿತ್ತುಕೊಂಡು ಹಾರಿ ಗೋಡೆಗೆ ಬಡಿಯಿತು! ಪುಣ್ಯಕ್ಕೆ ಬೆರಳು ಹತ್ತೂ ಇವೆ. ತಪ್ಪು ನನ್ನದೇ. ಆ ರಾತ್ರಿ ನಿದ್ದೆ ಬರದೆ ಈ ಯಂತ್ರದ ಪೂರ್ವಜರನ್ನು ಹುಡುಕುತ್ತಾ ಕೂತೆ. ಹೋಗಿ ಮುಟ್ಟಿದ್ದು ಒಂದು ಜೈಲಿಗೆ.

ಇಂಗ್ಲೆಂಡಿನ ದಾರ್ಶನಿಕ ಜೆರೆಮಿ ಬೆಂಥಾಮ್ ಹೆಸರು ಕೇಳಿರ್ತೀರಿ. ಒಬ್ಬನೇ ಕಾವಲುಗಾರ ಎಲ್ಲ ಕೈದಿಗಳನ್ನೂ ನೋಡಬಹುದಾದ 'ಪ್ಯಾನಾಪ್ಟಿಕಾನ್' ಜೈಲಿನ ಯೋಜನೆ ಹಾಕಿದವನು. ಅಲ್ಲಿನ ಕೈದಿಗಳಿಗೆ ಕೆಲಸ ಬೇಕಲ್ಲ? ಅವರಿಗೆ ಮರಗೆಲಸ ಬರೋದಿಲ್ಲ. ಅವನ ತಮ್ಮ ಸ್ಯಾಮ್ಯುಯೆಲ್ ಬೆಂಥಾಮ್ ಕೌಶಲವೇ ಬೇಡದ ಮರಗೆಲಸದ ಯಂತ್ರಗಳನ್ನು ಯೋಚಿಸಿದ. 1791 ಮತ್ತು 1793ರಲ್ಲಿ ಪೇಟೆಂಟ್ ಪಡೆದ. ತಿರುಗುವ ಅಲಗಿನಿಂದ ತೋಡು, ಮೋಲ್ಡಿಂಗ್ ಕೊರೆಯುವ ವಿಚಾರ ಅದರಲ್ಲೇ ಇದೆ. ಅವನ ಗುರಿ ಸ್ಪಷ್ಟ: ಜಾಣತನ ಕೆಲಸಗಾರನ ಕೈಯಲ್ಲಿ ಇರಬಾರದು, ಯಂತ್ರದಲ್ಲಿ ಇರಬೇಕು.

ಜೈಲು ಕಟ್ಟಲಿಲ್ಲ, ಆದರೆ ವಿಚಾರ ಉಳಿಯಿತು. ಸ್ಯಾಮ್ಯುಯೆಲ್ ನೌಕಾಪಡೆಯ ಅಧಿಕಾರಿಯಾದ. ಅವನ ಬೆಂಬಲದಿಂದ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಮಾರ್ಕ್ ಬ್ರುನೆಲ್ ಹಡಗಿನ ಹಗ್ಗಕ್ಕೆ ಬೇಕಾದ ಮರದ ರಾಟೆಗಳನ್ನು ಯಂತ್ರದಿಂದ ಮಾಡಿಸಿದ. 1808ರಲ್ಲಿ ಅಲ್ಲಿ ತಯಾರಾದ ರಾಟೆಗಳು 1,30,000. ನುರಿತ 110 ಜನರ ಕೆಲಸವನ್ನು 10 ಮಂದಿ ಮಾಡುತ್ತಿದ್ದರಂತೆ. ನನ್ನ ಮನಸ್ಸು ಹೋಗೋದು ಆ ಉಳಿದ ನೂರು ಜನರ ಕಡೆಗೆ..

ಮುಂದೆ 1853ರಲ್ಲಿ ಅಮೆರಿಕದ ಆಂಡ್ರ್ಯೂ ಗೇರ್, ಮೇಜಿನ ನಡುವಿಂದ ನೆಟ್ಟಗೆ ಎದ್ದು ತಿರುಗುವ ಅಲಗಿನ ಯಂತ್ರಕ್ಕೆ ಪೇಟೆಂಟ್ ಪಡೆದ. ಅದೇ ಕಾರ್ಖಾನೆಗಳ 'ಶೇಪರ್'. ದೊಡ್ಡದು, ದುಬಾರಿ. ಸಾಮಾನ್ಯ ಬಡಗಿ ಮಾತ್ರ ಉಳಿ, ಕೀಸುಳಿ ಹಿಡಿದೇ ಇದ್ದ.

ಯಂತ್ರ ಅವನ ಕೈಗೆ ಬಂದದ್ದು ಮೊದಲನೇ ಮಹಾಯುದ್ಧದ ಹೊತ್ತಿಗೆ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸಿನಲ್ಲಿ ಆರ್. ಎಲ್. ಕಾರ್ಟರ್ ಅನ್ನುವವನು ಕ್ಷೌರದ ವಿದ್ಯುತ್ ಕ್ಲಿಪ್ಪರಿನ ಗಿಯರನ್ನೇ ಅಲಗು ಮಾಡಿ ಮೋಟಾರಿಗೆ ಸಿಕ್ಕಿಸಿದ ಅಂತ ಕಥೆ. 1929ರಲ್ಲಿ ಅವನ ವ್ಯವಹಾರವನ್ನು ಸ್ಟ್ಯಾನ್ಲಿ ಕಂಪನಿ ಕೊಂಡುಕೊಂಡಿತು. ಆಮೇಲೆ ಶೇಪರ್ ಕೊಳ್ಳಲಾಗದ ಬಡಗಿಗಳು ಇದೇ ಸಣ್ಣ ರೂಟರನ್ನು ಮಗುಚಿ ಹಲಗೆಯಡಿಗೆ ಬಿಗಿದು ಬಡವರ ಶೇಪರ್ ಮಾಡಿಕೊಂಡರು. 1989ರಿಂದ 2009ರವರೆಗೆ ಅಮೆರಿಕದ ಟೀವಿಯಲ್ಲಿ 'ನ್ಯೂ ಯಾಂಕೀ ವರ್ಕ್‌ಶಾಪ್' ನಡೆಸಿದ ನಾರ್ಮ್ ಏಬ್ರಮ್ ಇದನ್ನು ಮನೆಮನೆಗೆ ತೋರಿಸಿದ.

ಹಾಗಾದರೆ ಬೆಂಥಾಮ್ ಗೆದ್ದನೇ? ಅವನು ಬಯಸಿದ 'ಕೆಲಸ ಬಾರದವನು' ಈಗ ನಾನೇ! ಅಂಚು ನೆಟ್ಟಗೆ ಬರೋದು ನನ್ನ ಕೈಯಿಂದಲ್ಲ, ಮರ ಆನಿಸುವ ಫೆನ್ಸ್ ಅನ್ನುವ ಪಟ್ಟಿಯಿಂದ. ಆದರೆ ಪೂರ್ತಿ ಗೆದ್ದಿಲ್ಲ. ಜಾಣತನ ತಳ್ಳುವ ಕೈಯಿಂದ ಹೊಂದಿಸುವ ಕೈಗೆ ಹೋಗಿದೆ, ಅಷ್ಟೇ. ಹಲಗೆ ಬಗ್ಗಿದೆಯಾ ಅಂತ ಉಕ್ಕಿನ ಪಟ್ಟಿ ಇಟ್ಟು ನೋಡಬೇಕು. ರೂಟರ್ ಹೊತ್ತ ತಟ್ಟೆ ಮೇಜಿನ ಮಟ್ಟಕ್ಕೇ ಇರಬೇಕು, ಕೂದಲೆಳೆ ತಗ್ಗಿದ್ದರೂ ಮರ ಎಡವುತ್ತೆ. ಫೆನ್ಸ್ ಮೇಜಿನ ಅಂಚಿಗೆ ಸಮಾನಾಂತರ ಇರಲೇಬೇಕಿಲ್ಲ, ಬಿಟ್ ದುಂಡಗಿದೆಯಲ್ಲ! ಒಂದು ತುದಿಗೆ ಬೋಲ್ಟ್ ಹಾಕಿ ಇನ್ನೊಂದು ತುದಿ ಸರಿಸಿದರೂ ಸಾಕು. ಆದರೆ ಅದರ ಎರಡೂ ಭಾಗ ಒಂದೇ ನೇರಕ್ಕೆ ಇರಬೇಕು. ದೊಡ್ಡ ಬಿಟ್ಟಿಗೆ ವೇಗ ಇಳಿಸಬೇಕು, ಸ್ವಲ್ಪ ಸ್ವಲ್ಪವೇ ಕೊರೆಯಬೇಕು.

ಮತ್ತೆ ಮರ ಯಾವಾಗಲೂ ಬಲದಿಂದ ಎಡಕ್ಕೆ. ಮಗುಚಿದ ರೂಟರಿನ ಬಿಟ್ ಮೇಲಿನಿಂದ ನೋಡಿದರೆ ಗಡಿಯಾರಕ್ಕೆ ವಿರುದ್ಧ ತಿರುಗುತ್ತೆ. ನಾವು ಅದಕ್ಕೆ ಎದುರಾಗಿ ತಳ್ಳಬೇಕು, ಇಲ್ಲದಿದ್ದರೆ ಅದೇ ಮರವನ್ನು ಎಳೆದುಕೊಂಡು ಹೋಗುತ್ತೆ. ಫೆನ್ಸಿಗೂ ಬಿಟ್ಟಿಗೂ ನಡುವೆ ಮರ ತೂರಿಸಲೇಬಾರದು.

ಕೈದಿಗೆ ಇದನ್ನೆಲ್ಲ ಯಾರು ಹೇಳಿಕೊಡುತ್ತಿದ್ದರೋ! ಬೆಂಥಾಮ್ ಲೆಕ್ಕದಲ್ಲಿ ಆ ಬೆರಳುಗಳಿಗೆ ಜಾಗ ಇತ್ತೋ ಇಲ್ಲವೋ.

ಕಪಾಟು ಮುಗಿಯಿತು, ಸ್ವಲ್ಪ ವಾಲಿದೆ :) ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಉಳಿ, ಕೀಸುಳಿ ಏನಾದರೂ ಇದೆಯಾ? ಇದ್ದರೆ ತೆಗೆದು ಎಣ್ಣೆ ಹಚ್ಚಿ, ಅದರ ಕಥೆ ಬರೀರಿ. ಓದಲು ಕಾಯ್ತಿರ್ತೀನಿ.