ಓರಿಯೆಂಟೇಶನ್ ಇಲ್ಲದ ಕಾಲ

2023ರಲ್ಲಿ ನಮ್ಮಣ್ಣನ ಮೊಮ್ಮಗಳು ಧಾರವಾಡದಲ್ಲಿ ಬಿ.ಕಾಂ. ಮುಗಿಸಿ, ಎಂ.ಕಾಂ. ಓದಲು ಮುಂಬಯಿಗೆ ನಮ್ಮ ಮನೆಗೆ ಬಂದಳು. ಮೊದಲ ವಾರವೇ ಓರಿಯೆಂಟೇಶನ್. ಹೊಸದಾಗಿ ಸೇರಿದವರನ್ನು ಒಟ್ಟಿಗೆ ಕೂಡಿಸಿ ಲೈಬ್ರರಿ ಎಲ್ಲಿ, ಪರೀಕ್ಷೆ ಹೇಗೆ, ತೊಂದರೆಯಾದರೆ ಯಾರನ್ನು ಕಾಣಬೇಕು ಎಂದು ತಿಳಿಸುವ ದಿನ. ಪಾಲಕರೂ ಬರಬಹುದು ಅಂದಿದ್ದರು. "ಅಜ್ಜಾ, ನೀವ್ಯಾಕ ಬರ್ತೀರಿ, ಬ್ಯಾಸರ ಆಗ್ತದ" ಅಂದಳು. ಆದರೂ ಹೋದೆ. ನನಗೊಂದು ಹಳೆಯ ಕಾರಣವಿತ್ತು.

ಮುಂಬಯಿ ವಿಶ್ವವಿದ್ಯಾಲಯ ಹುಟ್ಟಿದ್ದು 1857ರಲ್ಲಿ. ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಅದು ಮೊದಲಿಗೆ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಯಷ್ಟೇ, ಪಾಠವೆಲ್ಲ ಕಾಲೇಜುಗಳಲ್ಲಿ. ಸಮಾಜಶಾಸ್ತ್ರದಲ್ಲಿ ತಾನೇ ಸ್ನಾತಕೋತ್ತರ ಪಾಠ ಹೇಳಲು ತೊಡಗಿದ್ದು 1919ರಲ್ಲಿ. ಆಗ ಹೊಸಬರಿಗೆ ದಾರಿ ತೋರಿಸುವವರೆಂದರೆ ಗುರುಗಳೇ. 1936ರಲ್ಲಿ ಮೈಸೂರಿನಿಂದ ಬಂದ ಎಂ.ಎನ್. ಶ್ರೀನಿವಾಸರಿಗೆ ಜಿ.ಎಸ್. ಘುರ್ಯೆ ಸಿಕ್ಕರು. ಎಂ.ಎ.ಗಾಗಿ ಮೈಸೂರಿನ ಮದುವೆ, ಕುಟುಂಬಗಳ ಬಗ್ಗೆ ಬರೆದ ಪ್ರಬಂಧ 1942ರಲ್ಲಿ ಪುಸ್ತಕವಾಯಿತು. ಎಲ್ಲರಿಗೂ ಅಂಥ ಗುರು ಸಿಗಬೇಕಲ್ಲ!

ನಮ್ಮ ಉತ್ತರ ಕರ್ನಾಟಕದವರಿಗೆ ಈ ವಿಶ್ವವಿದ್ಯಾಲಯ ಪರಕೀಯವೇನಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರವೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಮೆಟ್ರಿಕ್ ಪರೀಕ್ಷೆಯನ್ನೂ ಮುಂಬಯಿ ವಿಶ್ವವಿದ್ಯಾಲಯವೇ ನಡೆಸುತ್ತಿತ್ತು. ನಮ್ಮಪ್ಪ 1944ರಲ್ಲಿ ಮೆಟ್ರಿಕ್ ಪಾಸಾದವರು, ಪ್ರಾಥಮಿಕ ಶಾಲೆ ಮಾಸ್ತರರು. ಮುಂಬಯಿಯನ್ನು ಕಣ್ಣಿಂದ ನೋಡಿರಲಿಲ್ಲ. ಆದರೂ ಆ ಸರ್ಟಿಫಿಕೇಟನ್ನು ಟ್ರಂಕಿನಲ್ಲಿ ಧೋತರದ ನಡುವೆ ಇಟ್ಟುಕೊಂಡು, "ನಾವು ಮುಂಬೈ ಯುನಿವರ್ಸಿಟಿಯವರು" ಅನ್ನುತ್ತಿದ್ದರು.

1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದರ ಮೊದಲ ಕಚೇರಿ ಇದ್ದದ್ದೂ ಮುಂಬಯಿಯಲ್ಲೇ. 1950ರಲ್ಲಿ ಧಾರವಾಡಕ್ಕೆ ಬಂತು. ನಮ್ಮ ನಾಡಿಗೆ ಅದು ದೊಡ್ಡ ಉಪಕಾರ, ಎರಡು ಮಾತಿಲ್ಲ. ಆದರೆ ಅಪ್ಪನಿಗೆ ತನ್ನದಾಗಿದ್ದ ವಿಶ್ವವಿದ್ಯಾಲಯ ನನ್ನ ಪಾಲಿಗೆ 'ಬೇರೆ ವಿಶ್ವವಿದ್ಯಾಲಯ' ಆಗಿಬಿಟ್ಟಿತ್ತು. ಅದು ನನಗೆ ಗೊತ್ತಾದದ್ದು ಮುಂಬಯಿಗೆ ಬಂದ ಮೇಲೆ.

1981ರಲ್ಲಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಫೋರ್ಟ್ ಶಾಖೆಗೆ ಬಂದೆ. ರಾಜಾಬಾಯಿ ಗೋಪುರದ ಗಡಿಯಾರ ನೋಡಿಕೊಂಡೇ ಆಫೀಸಿಗೆ ಓಡುವುದು. ಮರುವರ್ಷ ಒಂದು ಕಾಲೇಜಿನಲ್ಲಿ ಎಂ.ಕಾಂ. ಸಂಜೆ ತರಗತಿಗೆ ಸೇರಿದೆ. ಫೀ ಕಟ್ಟಿಸಿಕೊಂಡರು, ಪಾಠ ಕೇಳಿದೆ. ಬೇರೆ ವಿಶ್ವವಿದ್ಯಾಲಯದಿಂದ ಬಂದವನು ಮೈಗ್ರೇಷನ್ ಸರ್ಟಿಫಿಕೇಟ್ ತಂದು ಅರ್ಹತಾ ಪತ್ರ ಮಾಡಿಸಿಕೊಳ್ಳಬೇಕೆಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ, ಮರಾಠಿ ಬರದ ಸಂಕೋಚ ಬೇರೆ. ಪರೀಕ್ಷೆ ಫಾರ್ಮ್ ತುಂಬುವಾಗ ಗುಮಾಸ್ತ ತಲೆ ಅಲ್ಲಾಡಿಸಿದ. ನೋಟಿಸು ಬೋರ್ಡಿನಲ್ಲಿ ಹಾಕಿತ್ತಂತೆ. ಧಾರವಾಡಕ್ಕೆ ಬರೆದು ಕಾಗದ ತರಿಸುವಷ್ಟರಲ್ಲಿ ಗಡುವು ಮುಗಿದಿತ್ತು. ಒಂದು ವರ್ಷ ಹೋಯಿತು.

ಊರಿಗೆ ಬರೆದಾಗ ಅಪ್ಪನ ಪೋಸ್ಟ್‌ಕಾರ್ಡು ಬಂತು: "ಚಿಂತಿ ಮಾಡಬ್ಯಾಡ. ಮುಂಬೈ ನೋಡದ ನಾ ಅಲ್ಲಿಯಂವ ಆದೆ. ನೀ ಅಲ್ಲೇ ಇದ್ದು ಹೊರಗಿನಂವ ಆದಿ." 1983ರಲ್ಲಿ ಮತ್ತೆ ಸೇರಿದೆ. 1984ರ ಡಿಸೆಂಬರಿನಲ್ಲಿ ಅಪ್ಪ ತೀರಿಕೊಂಡರು. ರಿಸಲ್ಟ್ ಬಂದದ್ದು 1985ರಲ್ಲಿ. ಆ ಒಂದು ವರ್ಷ ಹೋಗದಿದ್ದರೆ ನನ್ನ ಪದವಿಪತ್ರವೂ ಅವರ ಟ್ರಂಕು ಸೇರುತ್ತಿತ್ತು.

ಈಗ ಕಾಲ ಬೇರೆ. ರ‍್ಯಾಗಿಂಗ್ ತಡೆಯಲು ಯುಜಿಸಿ 2009ರಲ್ಲಿ ತಂದ ನಿಯಮಗಳಲ್ಲಿ ಹೊಸಬರಿಗೆ ಓರಿಯೆಂಟೇಶನ್ ನಡೆಸಬೇಕೆಂಬುದೂ ಸೇರಿದೆ. ವಿದ್ಯಾರ್ಥಿ, ಪಾಲಕರು ಇಬ್ಬರೂ ಮುಚ್ಚಳಿಕೆ ಬರೆದುಕೊಡಬೇಕು. ಆ ದಿನ ಸಭೆಯಲ್ಲಿ ಹುಡುಗರು ಮೊಬೈಲ್ ನೋಡುತ್ತ ಆಕಳಿಸುತ್ತಿದ್ದರು. ಅವರ ತಪ್ಪಲ್ಲ, ಭಾಷಣಗಳು ಉದ್ದವೇ ಇದ್ದವು. ಕೊನೆಗೆ ಒಬ್ಬ ಮೇಡಂ ಎದ್ದು, ಬೇರೆ ವಿಶ್ವವಿದ್ಯಾಲಯದಿಂದ ಬಂದವರು ಯಾವ ಕಾಗದ, ಯಾವ ತಾರೀಖಿನೊಳಗೆ, ಯಾವ ಕಿಟಕಿಯಲ್ಲಿ ಕೊಡಬೇಕೆಂದು ಎರಡೆರಡು ಸಲ ಹೇಳಿದರು. ಎರಡು ನಿಮಿಷವೂ ಹಿಡಿಯಲಿಲ್ಲ. ನಾನು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡೆ.

"ಅಜ್ಜಾ, ಅದು ನನ್ನ ಫೈಲಿನಾಗ ಐತಿ" ಅಂದಳು ಹುಡುಗಿ.

"ಇರ್ಲಿ, ತೆಗದು ತೋರ್ಸು" ಅಂದೆ.